ಕೊನೆಯ ಆರು ಸೆಕೆಂಡು

ಒಂದು ಸಣ್ಣ ವಿಷಯ, ನಮ್ಮಲ್ಲೇ ಇರಲಿ: ನನಗೆ ವಿಡಿಯೋ ಎಡಿಟಿಂಗ್ ಬರುವುದಿಲ್ಲ. ಮೊನ್ನೆ ಡೈರಿಯಲ್ಲಿ ಇದನ್ನು ಬರೆದು ಕೆಳಗೆ ಗೆರೆ ಎಳೆದೆ. ಅಷ್ಟು ಎದ್ದು ಕಾಣೋದು ಬೇಡ ಅನ್ನಿಸಿ ಆಮೇಲೆ ಗೆರೆ ಅಳಿಸಿದೆ.

ನನ್ನನ್ನು ಇದರಲ್ಲಿ ಸಿಕ್ಕಿಸಿದ್ದು ಅಮ್ಮ. ಕನ್ನಡ ಕೂಟದವರು ಬದರೀನಾಥ ಅಂಕಲ್ ಮತ್ತು ಇಂದುಮತಿ ಆಂಟಿಯ ಬೀಳ್ಕೊಡುಗೆಗೆ ಒಂದು ವಿಡಿಯೋ ಬೇಕು ಅಂದಾಗ, "ನಮ್ಮ ಧೃತಿ ಮಾಡ್ತಾಳೆ ಬಿಡಿ. ಮೀಡಿಯಾ ಓದಿದಾಳೆ, ಹೇಗೂ ಮನೇಲೇ ಇದಾಳಲ್ಲ" ಎಂದುಬಿಟ್ಟಳು. ನಾನು ಓದಿದ್ದು ರೇಡಿಯೋದ ಇತಿಹಾಸ. ಕಳೆದ ಮೇ ತಿಂಗಳಲ್ಲಿ ಡಿಗ್ರಿ ಕೈಗೆ ಬಂತು, ಚಳಿ ಶುರುವಾಗುವ ಹೊತ್ತಿಗೆ ಕಾರು ಕಂಪನಿಗಳು ಮುಗ್ಗರಿಸಿ ಡೆಟ್ರಾಯಿಟ್ ಸುತ್ತಮುತ್ತ ಕೆಲಸ ಎನ್ನುವ ಪದಾರ್ಥವೇ ಇರಲಿಲ್ಲ. "ಅಪ್ಲೈ ಮಾಡಿದೀನಿ" ಅನ್ನುವುದು ಆಗಿನಿಂದ ನಮ್ಮ ಊಟದ ಟೇಬಲ್ಲಿನಲ್ಲಿ ಉಪ್ಪಿನಕಾಯಿಯಷ್ಟೇ ಮಾಮೂಲು.

ಬದರೀನಾಥ ಅಂಕಲ್ ಮತ್ತು ಅಪ್ಪ ಒಂದೇ ಕಂಪನಿ. ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದರು, ರೇಡಿಯೋ ಯಾರ ಕೈಯಲ್ಲಿರಬೇಕು ಅಂತ ಜಗಳ ಆಡಿಕೊಂಡು. ಜನವರಿಯಲ್ಲಿ ಅಂಕಲ್ ಕೆಲಸ ಹೋಯಿತು. ಈಗ ಚಿಕಾಗೋ ಹತ್ತಿರದ ಲೈಲ್‌ನಲ್ಲಿರುವ ಆಂಟಿಯ ತಮ್ಮನ ಮನೆಗೆ ಹೋಗುತ್ತಿದ್ದಾರೆ. ಆದರೆ ನಮ್ಮ ನಾರ್ತ್‌ವಿಲ್‌ನಲ್ಲಿ ಯಾರ ಕೆಲಸವೂ ಹೋಗುವುದಿಲ್ಲ. "ಚಿಕಾಗೋ ಕಡೆ ಒಳ್ಳೆ ಆಪರ್ಚುನಿಟಿ ಬಂತು" ಅನ್ನುತ್ತಾರೆ. ಕೇಳಿದವರು "ಓ, ಕಂಗ್ರಾಟ್ಸ್" ಅನ್ನುತ್ತಾರೆ. ಆಮೇಲೆ ಇಬ್ಬರೂ ತಮ್ಮ ತಮ್ಮ ಕಾಫಿ ಲೋಟದೊಳಗೆ ನೋಡುತ್ತಾರೆ.

ಕೂಟದ ಕ್ಯಾಮ್‌ಕಾರ್ಡರ್ ಮನೆಯಿಂದ ಮನೆಗೆ ಸುತ್ತಿ, ಎಲ್ಲರ ಶುಭಾಶಯ ತುಂಬಿಕೊಂಡು ನನ್ನ ಬೇಸ್‌ಮೆಂಟಿಗೆ ಬಂತು. ಪ್ರತಿ ಕ್ಲಿಪ್ಪೂ ಒಂದೇ ಥರ. ಮೊದಲು, "ಆನ್ ಆಯ್ತಾ? ಕೆಂಪು ಲೈಟ್ ಬಂತಾ?" ನಂತರ ಗಂಟಲು ಸರಿಮಾಡಿಕೊಂಡು, ಮನೆಯಲ್ಲಿ ಯಾರೂ ಆಡದ ಕನ್ನಡದಲ್ಲಿ ಭಾಷಣ: "ತಮ್ಮ ಮುಂದಿನ ಜೀವನ ಸುಖಮಯವಾಗಿರಲೆಂದು ಹಾರೈಸುತ್ತೇವೆ." ಕೊನೆಗೆ, "ಆಯ್ತಾ? ಆಫ್ ಮಾಡು." ಆಮೇಲೂ ಅದು ಓಡುತ್ತಲೇ ಇರುತ್ತದೆ, ಯಾಕೆಂದರೆ ಯಾರಿಗೂ ಬಟನ್ ಸಿಗುವುದಿಲ್ಲ.

ಒಂದೊಂದನ್ನೇ ಕತ್ತರಿಸುತ್ತಾ ಕೂತರೆ ಶನಿವಾರ ಸಂಜೆಯ ಬೀಳ್ಕೊಡುಗೆಗೆ ಮುಗಿಯುವಂತಿರಲಿಲ್ಲ. ಸಾಫ್ಟ್‌ವೇರಿನ ಹೆಲ್ಪ್ ಪುಟ ಓದಿದೆ. ಎಲ್ಲಾ ಕ್ಲಿಪ್ಪುಗಳನ್ನೂ ಸೆಲೆಕ್ಟ್ ಮಾಡಿ ಒಂದೇ ಸಲ ಟ್ರಿಮ್ ಮಾಡಬಹುದಂತೆ. ಶುರುವಿನಿಂದ ನಾಲ್ಕು ಸೆಕೆಂಡು, ಕೊನೆಯಿಂದ ಆರು ಕತ್ತರಿಸು ಎಂದು ಹಾಕಿ ಎಂಟರ್ ಒತ್ತಿದೆ. ಪರದೆಯ ಮೇಲೆ ಸಾಲಾಗಿ ನಿಂತಿದ್ದ ಕ್ಲಿಪ್ಪುಗಳ ನೀಲಿ ಪಟ್ಟಿಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟಂತೆ ಗಿಡ್ಡವಾದವು. ಇಷ್ಟು ತೃಪ್ತಿ ನನಗೆ ಡಿಗ್ರಿ ಸಿಕ್ಕಾಗಲೂ ಆಗಿರಲಿಲ್ಲ.

ಪ್ಲೇ ಮಾಡಿದಾಗ ಗೊತ್ತಾಯಿತು. ಜನ ಒಂದೇ ಅಳತೆಯವರಲ್ಲ. ಧಾರವಾಡದ ಕಲ್ಲಿನಾಥ ಅಂಕಲ್ ಮಾತು ಮುಗಿಸಿದ ಕೂಡಲೇ ಅವರ ಹೆಂಡತಿ ಬಟನ್ ಹುಡುಕಿಬಿಟ್ಟಿದ್ದರು. ಹಾಗಾಗಿ ಆಶೀರ್ವಾದದ ಅರ್ಧಕ್ಕೇ ಅವರ ಬಾಯಿ ತೆರೆದುಕೊಂಡು ನಿಂತಿತು. ಪಟ್ಟಿಯ ಅಂಚು ಹಿಡಿದು ಎಳೆದರೆ ಕತ್ತರಿಸಿದ್ದು ವಾಪಸ್ ಬರುತ್ತದೆ, ಎಳೆದೆ. "...ಛಲೋ ಆಗ್ಲಿ. ಲೇ ಬದರೀ, ಅಲ್ಲಿ ಡೆವನ್ ಅವೆನ್ಯೂದ ಇಂಡಿಯನ್ ಅಂಗಡ್ಯಾಗ ಖಡಕ್ ರೊಟ್ಟಿ ಸಿಕ್ರ ನನಗ ಮೊದ್ಲ ಫೋನ್ ಹಚ್ಚಬೇಕ್ ನೋಡ್ ಮತ್ತ!" ಒಬ್ಬಳೇ ನಕ್ಕೆ.

ಹಾಗೆ ಒಬ್ಬೊಬ್ಬರ ಕ್ಲಿಪ್ಪಿನ ಬಾಲವನ್ನೂ ಎಳೆದು ನೋಡತೊಡಗಿದೆ. ನಮ್ಮವರು ಮನೆಗೆ ಬಂದು "ಹೊರಡ್ತೀವಿ" ಅಂದಮೇಲೆ ಬಾಗಿಲಲ್ಲಿ, ಕಾಲಿಗೆ ಅರ್ಧ ಬೂಟು ಸಿಕ್ಕಿಸಿಕೊಂಡು, ನಿಜವಾದ ಮಾತು ಶುರು ಮಾಡುತ್ತಾರಲ್ಲ, ಇದೂ ಹಾಗೇ. ಭಾನು ಆಂಟಿ ಭಾಷಣ ಮುಗಿಸಿ ಕಣ್ಣೊರೆಸಿಕೊಂಡು, "ಅಯ್ಯೋ, ಇಂದುಮತಿ ಇಲ್ದೆ ನಾನು ಯಾರ ಜೊತೆ ವಾಕಿಂಗ್ ಹೋಗ್ಲಿ" ಎಂದಿದ್ದರು. ಅವರ ಮಗ ನೀಲ್ ಇಂಗ್ಲಿಷಿನಲ್ಲಿ ಗೊಣಗಿದ್ದ: "ಮಾಮ್, ಇಟ್ಸ್ ಸ್ಟಿಲ್ ಆನ್."

ಕೊನೆಯದು ಅಪ್ಪನದು. ಅದರಲ್ಲಿ ಆರು ಸೆಕೆಂಡು ಕತ್ತರಿಸಿದ ಮೇಲೂ ಬಾಲ ಉಳಿದುಕೊಂಡಿತ್ತು. ಹಾರೈಕೆ ಮುಗಿಸಿ ಅಪ್ಪ ಸೋಫಾದಲ್ಲಿ ಹಾಗೇ ಕೂತಿದ್ದರು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದು. ಕ್ಯಾಮೆರಾ ಹಿಡಿದಿದ್ದ ಅಮ್ಮನಿಗೆ ಹೇಳಿದರು, "ಬದರಿಗೆ ವಿದಾಯ ಹೇಳಾಯ್ತು ಶಾರದ. ಇನ್ನು ನನ್ನದು—"

ಅಲ್ಲಿಗೆ ಕಟ್.

ಬಿಡಬಹುದಿತ್ತು. ಮಾತಿಗೆ ಮುಂಚೆಯೇ ಕತ್ತರಿಸಿ ಮೇಲೆ ಹೋಗಿ ಕಾಫಿ ಕುಡಿಯಬಹುದಿತ್ತು. ಅಂಚು ಹಿಡಿದು ಎಳೆದೆ.

"—ಮುಂದಿನ ತಿಂಗಳ ಕೊನೆಗೆ. ಧೃತಿಗೆ ಒಂದು ಕೆಲಸ ಅಂತ ಆಗೋವರೆಗೂ ಅವಳಿಗೆ ಹೇಳೋದು ಬೇಡ."

"ಮೆಲ್ಲಗೆ, ಕೆಳಗಿದಾಳೆ" ಎಂದಳು ಅಮ್ಮ. ಚಿತ್ರ ಅಲುಗಾಡಿ, ಕಾರ್ಪೆಟ್ ಕಾಣಿಸಿ ನಿಂತಿತು.

ಎರಡನೇ ಸಲ ಕೇಳಲಿಲ್ಲ. ಆ ಭಾಗವನ್ನು ಸರಿಯಾದ ಜಾಗದಲ್ಲಿ ಕತ್ತರಿಸಿದೆ. ಎದೆಯಲ್ಲಿ ನಿಂತಿದ್ದು ಕೆಲಸ ಹೋಗುವ ಸುದ್ದಿಯಲ್ಲ. ಅಪ್ಪ ದಿನಾ ಬೆಳಿಗ್ಗೆ ಒಬ್ಬರೇ ಕಾರು ಹತ್ತುವಾಗ ನನಗೋಸ್ಕರ ಒಂದು ಮುಖ ಹಾಕಿಕೊಂಡು ಹೋಗುತ್ತಿದ್ದಾರಲ್ಲ, ಅದು. ನಾನು ಸುಮ್ಮನಿದ್ದರೆ ಹಾಕಿಕೊಂಡೇ ಇರುತ್ತಾರೆ. ಸುಮ್ಮನಿರುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ.

ಶನಿವಾರ ಬೆಳಿಗ್ಗೆ ಅಪ್ಪ ತಾವಾಗಿಯೇ ಕೆಳಗಿಳಿದು ಬಂದರು. "ಎಲ್ಲಿ, ಡೈರೆಕ್ಟರ್ ಮೇಡಮ್, ನಮಗೊಂದು ಸ್ಪೆಷಲ್ ಶೋ ತೋರಿಸಿ." ಮಡಚುವ ಕುರ್ಚಿ ಹಾಕಿಕೊಟ್ಟೆ. ಕಲ್ಲಿನಾಥ ಅಂಕಲ್‌ರ ರೊಟ್ಟಿ ಮಾತಿಗೆ ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ಭಾನು ಆಂಟಿಯ ವಾಕಿಂಗ್ ಮಾತಿಗೆ ಕನ್ನಡಕ ಒರೆಸಿಕೊಂಡರು. ತಮ್ಮ ಸರದಿ ಬಂದಾಗ ಮುಂದಕ್ಕೆ ಬಾಗಿ ನೋಡಿದರು. ಪರದೆಯ ಮೇಲಿನ ಅಪ್ಪ ಕೈಮುಗಿದರು, ಅಷ್ಟಕ್ಕೆ ಮುಗಿಯಿತು. ಕುರ್ಚಿಯ ಮೇಲಿನ ಅಪ್ಪ ಹಿಂದಕ್ಕೆ ಒರಗಿದರು.

"ಪರವಾಗಿಲ್ವೇ, ಸ್ವಲ್ಪ ಸಣ್ಣಗೇ ಕಾಣ್ತೀನಿ" ಎಂದರು. ಆಮೇಲೆ, ಪರದೆಯನ್ನೇ ನೋಡುತ್ತಾ, "ಇಷ್ಟೆಲ್ಲಾ ಹೇಗೆ ಕಟ್ ಮಾಡಿದೆ?"

"ಎಲ್ಲಾ ಒಟ್ಟಿಗೆ. ಸೆಲೆಕ್ಟ್ ಮಾಡಿ ಒಂದೇ ಸಲ."

"ಹಾಗಾದ್ರೆ ಒಂದೊಂದೂ ಕೂತು ಕೇಳೋ ಕಷ್ಟ ಬರ್ಲಿಲ್ಲ."

ಮಾತಿನಲ್ಲೇ ಅವರು ಒಂದು ಬಾಗಿಲು ತೆರೆದು ಹಿಡಿದಿದ್ದರು, ನಾನು 'ಇಲ್ಲ, ಕೇಳಲಿಲ್ಲ' ಅಂದು ಆಚೆ ಹೋಗಲಿ ಅಂತ. ಮೇಲೆ ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ನಾನು ನನ್ನ ಕುರ್ಚಿಯನ್ನು ಅವರ ಕಡೆ ತಿರುಗಿಸಿದೆ.

"ಕೇಳಿದೆ" ಎಂದೆ. "ನಿಮ್ದೂ ಕೊನೇವರೆಗೂ ಕೇಳಿದೆ, ಅಪ್ಪ."