ರೋಮ್ ಬಿದ್ದದ್ದು ಕನ್ನೊಳ್ಳಿಯ ಚಹಾದಂಗಡಿಯಿಂದಲ್ಲ

ಬಿಜಾಪುರ ಜಿಲ್ಲೆಯ ಇಂಡಿ ಎಂಬ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ ಪಂಢರಿನಾಥ ಮಾಸ್ತರರಿಗೆ ಬರುತ್ತಿದ್ದದ್ದು ಒಂದೇ ಒಂದು ಭಾಷಣ. ಇದನ್ನು ಮುಂದೆ ಅವರೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದರು. ಆದರೆ ೧೯೬೧ರ ಸುಮಾರಿಗೆ ಆ ಒಂದು ಭಾಷಣಕ್ಕೇ ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯವರೆಗೂ ಬೇಡಿಕೆ ಇತ್ತು. ಸಾಲೆಯ ಸಮ್ಮೇಳನವಿರಲಿ, ವಾಚನಾಲಯದ ವಾರ್ಷಿಕೋತ್ಸವವಿರಲಿ, ಮಾಸ್ತರರು ಕರೀ ಕೋಟು ತೊಟ್ಟು ಬಸ್ಸು ಹತ್ತುತ್ತಿದ್ದರು.

ಭಾಷಣದ ವಿಷಯ, ಸಾಮ್ರಾಜ್ಯಗಳು ಯಾಕೆ ಬಿದ್ದವು? ನೀತಿಗೆಟ್ಟು ಬಿದ್ದವು, ಮತ್ತೇನು. ಹಗಲೆಲ್ಲ ಬಿಸಿನೀರಿನ ಹೌದಿನಲ್ಲಿ ಬಿದ್ದುಕೊಂಡಿರುತ್ತಿದ್ದ ರೋಮಿನ ಶ್ರೀಮಂತರು, ಅವರ ದ್ರಾಕ್ಷಾರಸ, ಊರು ಹೊತ್ತಿ ಉರಿಯುವಾಗ ಪಿಟೀಲು ಬಾರಿಸುತ್ತ ಕುಳಿತ ನೀರೋ. ಅಲ್ಲಿಂದ ನೇರವಾಗಿ ವಿಜಯನಗರಕ್ಕೆ, ಅಲ್ಲಿಂದ ಬಿಜಾಪುರದ ಆದಿಲಶಾಹಿಗೆ. ಕೊನೆಗೆ ಬಲಗೈ ಮೇಲೆತ್ತಿ, "ಮೊದಲು ಸಂಗೀತ, ಆಮೇಲೆ ಮೋಜು, ಆಮೇಲೆ ಮಣ್ಣು!" ಎಂದು ಗುಡುಗಿ ಕುಳಿತುಬಿಡುತ್ತಿದ್ದರು. ಚಪ್ಪಾಳೆ ನಿಲ್ಲುತ್ತಿರಲಿಲ್ಲ.

ಹೆಂಡತಿ ಗೋದೂಬಾಯಿ ಮಾತ್ರ ಚಪ್ಪಾಳೆ ತಟ್ಟಿದವರಲ್ಲ. "ರೋಮಿನವರು ಬಿಸಿನೀರಾಗ ಕೂತು ಕೆಟ್ರಂತ ಊರೂರಿಗೆ ಹೇಳ್ಕೋತ ತಿರಗತೀರಿ. ನಿಮಗ ಬ್ಯಾಸಿಗ್ಯಾಗೂ ಎರಡು ಹಂಡೆ ನೀರು ಕಾಸಬೇಕು" ಎನ್ನುತ್ತಿದ್ದರು.

ಒಂದು ಭಾನುವಾರ ಮುಂಜಾನೆ ಅವರು ಎರಡನೆಯ ಹಂಡೆ ಮುಗಿಸಿ ಹೊರಬಂದಾಗ ಪಡಸಾಲೆಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ವಯಸ್ಸು ನಲವತ್ತರ ಆಚೆ, ಕೈಯಲ್ಲಿ ಮಡಚಿದ ಕಾಗದ.

"ನಾ ಕನ್ನೊಳ್ಳಿ ಶೇವಂತೆವ್ವರಿ. ಚಾದಂಗಡಿ ಇಟ್ಟೇನಿ. ಅಲ್ಲಲ್ಲ, ಇಟ್ಟಿದ್ನಿ. ನೀವು ಮುಚ್ಚಿಸಿದ್ರಿ."

"ನಾನು?" ಮಾಸ್ತರರು ಟವೆಲ್ಲನ್ನು ಸರಿಮಾಡಿಕೊಂಡರು. "ನಾ ಕನ್ನೊಳ್ಳಿಗೆ ಬಂದs ಇಲ್ಲವಾ."

ಅವಳು ಕಾಗದ ಚಾಚಿದಳು. ಅದು ಪಂಚಾಯತಿಯ ಠರಾವಿನ ನಕಲು. 'ಇಂಡಿಯ ಪಂಢರಿನಾಥ ಮಾಸ್ತರರು ಸಿಂದಗಿಯಲ್ಲಿ ಮಾಡಿದ ಉಪದೇಶದ ಪ್ರಕಾರ, ಗ್ರಾಮದ ನೀತಿ ಕಾಯುವ ಸಲುವಾಗಿ, ಶೇವಂತೆವ್ವನ ಚಹಾದಂಗಡಿಯನ್ನೂ ಅಲ್ಲಿ ಬಾರಿಸುವ ಗ್ರಾಮಫೋನನ್ನೂ ಬಂದ್ ಮಾಡತಕ್ಕದ್ದು.' ಕೆಳಗೆ ಪಂಚಾಯತಿ ಅಧ್ಯಕ್ಷ ಬಸಂತರಾಯರ ಸಹಿ.

ಖರೆ ಹೇಳಬೇಕೆಂದರೆ, ಮಾಸ್ತರರಿಗೆ ಮೊದಲು ಆದದ್ದು ಸಂತೋಷ. ಸರ್ಕಾರಿ ಕಾಗದದ ಮೇಲೆ ತಮ್ಮ ಹೆಸರು, ಅದೂ 'ಉಪದೇಶ' ಎಂಬ ಶಬ್ದದ ಬಗಲಲ್ಲೇ! ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಎದುರಿಗಿದ್ದವಳ ಮುಖ ಕಂಡಿತು, ನಾಚಿಕೆಯಾಯಿತು.

ಶೇವಂತೆವ್ವನ ಗಂಡ ನಾಟಕದ ಕಂಪನಿಯೊಂದರಲ್ಲಿ ಪರದೆ ಎಳೆಯುತ್ತಿದ್ದವನು. ಸಾಯುವಾಗ ಬಿಟ್ಟುಹೋದದ್ದು ಒಂದು ಗ್ರಾಮಫೋನು ಮತ್ತು ಒಂಬತ್ತು ಹಾಡಿನ ಪ್ಲೇಟು. ಅದರ ಹಾಡಿಗೆ ಜನ ಕೂಡುತ್ತಿದ್ದರು, ಕೂಡಿದವರು ಚಹಾ ಕುಡಿಯುತ್ತಿದ್ದರು. ಅವಳ ಹೊಟ್ಟೆ ನಡೆಯುತ್ತಿದ್ದದ್ದು ಹಾಗೆ.

"ಆ ರೋಮ ಅನ್ನೂ ಊರಾಗ ಚಾದಂಗಡಿ ಇತ್ತೇನ್ರಿ?" ಎಂದು ಕೇಳಿದಳು.

"ಇಲ್ಲವಾ. ಅವರಿಗೆ ಚಹಾ ಅಂದ್ರ ಗೊತ್ತಿರ್ಲಿಲ್ಲ."

"ಮತ್ತ ಬಿತ್ತು ಹ್ಯಾಂಗ?"

ಮಾಸ್ತರರು ಬಾಯಿ ತೆರೆದರು. ಬಲಗೈ ತಾನಾಗಿಯೇ ಮೇಲೆದ್ದಿತು. ಒಳಗಿನಿಂದ ಗೋದೂಬಾಯಿ ಕೆಮ್ಮಿದರು. ಕೈ ಇಳಿಯಿತು. "ನೀ ಊರಿಗೆ ಹೋಗವಾ. ಬರೂ ಐತವಾರ ನಾ ಬರ್ತೀನಿ" ಎಂದು ಅವಳನ್ನು ಕಳಿಸಿಕೊಟ್ಟರು.

ಸಂಜೆ ಅವರು ಗೆಳೆಯ ಅಬ್ದುಲರಜಾಕರ ಮನೆಗೆ ಹೋದರು. ಅದೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ರಜಾಕರು ಬಾಲ್ಯದಿಂದ ಜೊತೆಗೇ ಓದಿದವರು. ನಿನ್ನ ಸಿದ್ಧಾಂತ ಸರಿ, ಕನ್ನೊಳ್ಳಿಯವರು ಅದನ್ನು ತಪ್ಪಾಗಿ ತಿಳಿದುಕೊಂಡರು ಎಂದು ರಜಾಕರು ಹೇಳಿದರೆ ಮಾಸ್ತರರಿಗೆ ಸಾಕಿತ್ತು.

"ನಿನ್ನ ನೀರೋ ಸತ್ತದ್ದು ಯಾವಾಗ?" ಎಂದು ಕೇಳಿದರು ರಜಾಕರು.

"ಅರವತ್ತೆಂಟನೇ ಇಸವಿ."

"ರೋಮ್ ಬಿದ್ದದ್ದು?"

"ನಾನೂರಾ ಎಪ್ಪತ್ತಾರು."

"ಕಳಿ."

ಮಾಸ್ತರರು ಮನಸ್ಸಿನಲ್ಲೇ ಕಳೆದರು. ನಂಬದೆ ಬೆರಳು ಮಡಚಿ ಮತ್ತೊಮ್ಮೆ ಕಳೆದರು. ನಾನೂರಾ ಎಂಟು ವರ್ಷ! ಇಪ್ಪತ್ತು ವರ್ಷ ಈ ಎರಡು ಇಸವಿಗಳನ್ನು ಹುಡುಗರಿಂದ ಬಾಯಿಪಾಠ ಮಾಡಿಸಿದ್ದರು, ಇಸವಿ ತಪ್ಪಿದವರ ಕಿವಿ ಹಿಂಡಿದ್ದರು. ಒಮ್ಮೆಯೂ ಒಂದರಲ್ಲಿ ಇನ್ನೊಂದನ್ನು ಕಳೆದು ನೋಡಿರಲಿಲ್ಲ.

"ಯಾವ ಬ್ಯಾನಿಪಾ ಅದು, ಹತ್ತಿ ನಾನೂರು ವರ್ಷಕ್ಕ ಕೊಲ್ಲೂದು?" ರಜಾಕರು ಬಿಡಲಿಲ್ಲ. "ಇನ್ನ ಬಿಜಾಪುರದ ಮಾತು. ಅದನ್ನ ಗೆದ್ದ ಔರಂಗಜೇಬ ಕುಡೀತಿರಲಿಲ್ಲ, ಹಾಡು ಬ್ಯಾಡ ಅಂತಿದ್ದ. ಅವನ ಹಿಂದ ಅವನ ರಾಜ್ಯ ಎಷ್ಟು ದಿವಸ ಗಟ್ಟಿ ಉಳೀತು, ನೀನs ಹೇಳು."

ಮಾಸ್ತರರಿಗೆ ಉತ್ತರ ಚೆನ್ನಾಗಿ ಗೊತ್ತಿತ್ತು. ಹೋದ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ತೆಗೆದವರೇ ಅವರು.

ಮುಂದಿನ ಭಾನುವಾರ ಕನ್ನೊಳ್ಳಿಯ ಸಾಲೆಯ ಅಂಗಳ ತುಂಬಿತ್ತು. ಬಸಂತರಾಯರು ಮಾಸ್ತರರಿಗೆ ಹೂವಿನ ಹಾರ ಹಾಕಿ ಕೂರಿಸಿದರು. ರಾಯರು ಕುಟಿಲ ಮನುಷ್ಯರಲ್ಲ, ಒಳ್ಳೆಯ ಮಾತು ಕೇಳಿದರೆ ಅದನ್ನು ಜಾರಿಗೆ ತರದೆ ನಿದ್ದೆ ಬಾರದ ಜಾತಿ. ಅಂಥವರೆದುರು ಮಾಸ್ತರರು ತಾವು ಹೇಳಿದ್ದು ತಪ್ಪು ಎನ್ನಬೇಕಾಗಿತ್ತು.

ನೀರೋನ ಲೆಕ್ಕ ಹೇಳಿದರು. ಔರಂಗಜೇಬನ ಸಂಗತಿ ಹೇಳಿದರು. ನೀತಿ ಇರಬೇಕು, ಆದರೆ ರಾಜ್ಯ ಬಿದ್ದದ್ದಕ್ಕೆಲ್ಲ ಹಾಡಿನ ಮೇಲೆ ತಪ್ಪು ಹೊರಿಸುವುದು ಇತಿಹಾಸವಲ್ಲ ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಕುಳಿತಿದ್ದ ಮುದುಕನೊಬ್ಬ ಎದ್ದ.

"ಹಂಗಾರ ರೋಮ ಬಿದ್ದದ್ದು ಯಾಕ್ರಿ?"

ಮಾಸ್ತರರು ಆಕಾಶ ನೋಡಿದರು, ತಮ್ಮ ಬೂಟು ನೋಡಿದರು. "ಖರೆ ಅಂದ್ರ, ನನಗ ಗೊತ್ತಿಲ್ರಿ" ಎಂದರು.

ಅಂಗಳವೆಲ್ಲ ನಕ್ಕಿತು. ಬಸಂತರಾಯರು ಮಾತ್ರ ನಗಲಿಲ್ಲ. "ಮಾಸ್ತರ, ಇಲ್ಲಿಗೆ ಬರೂ ಮುಂಚೆ ಈ ಶೇವಂತೆವ್ವ ನಿಮಗ ಚಾ ಕುಡಿಸ್ಯಾಳೇನು?" ಎಂದು ಗಂಭೀರವಾಗಿ ಕೇಳಿದರು.

"ಎರಡು ಕಪ್ಪು" ಎಂದರು ಮಾಸ್ತರರು. ಸುಳ್ಳು ಹೇಳುವ ಧೈರ್ಯ ಇರಲಿಲ್ಲ.

"ನೋಡ್ರೆಪಾ, ಎರಡs ಕಪ್ಪಿಗೆ ಇತಿಹಾಸ ತಿರುಗಿತು!" ಎಂದು ಯಾರೋ ಹಿಂದಿನಿಂದ ಕೂಗಿದರು. ನಗೆ ಇಮ್ಮಡಿಯಾಯಿತು. ಇನ್ನು ಕೋಟು ಎತ್ತಿಕೊಂಡು ಬಸ್ಸಿಗೆ ಓಡುವುದೊಂದೇ ದಾರಿ ಎಂದು ಮಾಸ್ತರರು ಹೊರಡುವಷ್ಟರಲ್ಲಿ ಶೇವಂತೆವ್ವ ಎದ್ದು ನಿಂತಳು.

"ಬಸಂತರಾಯಪ್ಪಾರ, ಠರಾವಿನ್ಯಾಗ ಏನಂತ ಬರದೀರಿ? ಮಾಸ್ತರರ ಉಪದೇಶದ ಪ್ರಕಾರ ಅಂತ ಹೌದಲ್ರಿ? ಆ ಉಪದೇಶ ಅವರು ಇಷ್ಟು ಮಂದಿ ಮುಂದ ವಾಪಸ್ ತಗೊಂಡ್ರು. ಇನ್ನ ಯಾರ ಉಪದೇಶದ ಮ್ಯಾಲ ನನ್ನ ಅಂಗಡಿ ಮುಚ್ಚೇತಿ?"

ಬಸಂತರಾಯರು ಠರಾವಿನ ಪುಸ್ತಕ ತರಿಸಿ ಓದಿದರು. ಬಹಳ ಹೊತ್ತು ಓದಿದರು. ಬರೆದದ್ದು ಹಾಗೆಯೇ ಇತ್ತು, ಅವರದೇ ಅಕ್ಷರ. "ಆತು. ಕಾಯದೆ ಅಂದ್ರ ಕಾಯದೆ. ತಗಿ ಅಂಗಡಿ ಬಾಗಿಲಾ" ಎಂದು ಎದ್ದುಹೋದರು. ಮಾಸ್ತರರ ಅಷ್ಟು ಹೊತ್ತಿನ ವಾದದಿಂದ ಆಗದ್ದನ್ನು ಅವಳ ನಾಲ್ಕು ಮಾತು ಮಾಡಿಬಿಟ್ಟಿದ್ದವು. ಬಸ್ಸಿನಲ್ಲಿ ಸಿಂದಗಿ ದಾಟುವವರೆಗೂ ಅವರಿಗೆ ಅದೇ ಯೋಚನೆ. ಸಂತೋಷವೋ ಸಂಕಟವೋ ಅವರಿಗೇ ತಿಳಿಯಲಿಲ್ಲ.

ಆ ವರ್ಷ ಬಸವನಬಾಗೇವಾಡಿಯಿಂದ ಮತ್ತೆ ಕರೆ ಬಂತು. ಪತ್ರದ ಕೊನೆಯಲ್ಲಿ 'ದಯವಿಟ್ಟು ಹಳೆಯ ಭಾಷಣವನ್ನೇ ಮಾಡಬೇಕು' ಎಂದಿತ್ತು. ಹೋದರು. ಹಳೆಯದನ್ನೇ ಶುರು ಮಾಡಿದರು. ಪಿಟೀಲಿನವರೆಗೆ ಬಂದು ನಾಲಿಗೆ ತಡವರಿಸಿತು, ನಾನೂರಾ ಎಂಟರ ಲೆಕ್ಕ ಬಾಯಿಂದ ಹೊರಬಿತ್ತು. ಜನ ಆಕಳಿಸಿದರು. ಮರುವರ್ಷ ಬಾಗೇವಾಡಿಯವರು ಮುದ್ದೇಬಿಹಾಳದ ಒಬ್ಬ ತರುಣ ವಕೀಲನನ್ನು ಕರೆದರು.

ಹಳೆಯ ಅತಿಥಿ ಎಂದು ಪಂಢರಿನಾಥ ಮಾಸ್ತರರಿಗೂ ಆಮಂತ್ರಣವಿತ್ತು. ರಜಾಕರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು. ವಕೀಲ ಶುರು ಮಾಡಿದ್ದು ರೋಮಿನ ಬಿಸಿನೀರಿನ ಹೌದಿನಿಂದ. ಅಕ್ಷರಕ್ಕೆ ಅಕ್ಷರ ಮಾಸ್ತರರದೇ ಭಾಷಣ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂಬುದೂ ಅದೇ. ಕೊನೆಗೆ ಬಲಗೈ ಎತ್ತಿ "ಮೊದಲು ಸಂಗೀತ, ಆಮೇಲೆ ಮೋಜು, ಆಮೇಲೆ ಮಣ್ಣು!" ಎಂದಾಗ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಾಸ್ತರರು. ಕಣ್ಣಂಚಿನಲ್ಲಿ ನೀರು ಬೇರೆ.

ರಜಾಕರು ಅವರ ಮೊಣಕೈ ಜಗ್ಗಿದರು. "ಏ ಪಂಢರಿ, ಅಂವ ಹೇಳಿದ್ದೆಲ್ಲ ಸುಳ್ಳಲ್ಲೇನೋ?"

"ಸುಳ್ಳs ಅದನೋ" ಎಂದರು ಮಾಸ್ತರರು, ಚಪ್ಪಾಳೆ ನಿಲ್ಲಿಸದೆ. "ಆದ್ರ ಎಷ್ಟು ಚಂದ ಹೇಳಿದ ನೋಡು!"