ಒಂದೇ ಪಾತ್ರೆಯ ಊಟ

ಅಮ್ಮನಿಗೆ ಮರೆವು ಜಾಸ್ತಿಯಾಗುತ್ತಿದೆ ಎಂದು ನನ್ನ ತಮ್ಮ ಚಿದಾನಂದನಿಗೆ ಎರಡು ವರ್ಷದಿಂದ ಫೋನಿನಲ್ಲಿ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಶೆಫೀಲ್ಡಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಅವನು. ವಯಸ್ಸಾಯಿತಲ್ಲ, ಅದೆಲ್ಲ ಇದ್ದದ್ದೇ ಎಂದು ಪ್ರತಿ ಭಾನುವಾರ ಅದೇ ರಾಗ. ಹಾಗಾದರೆ ಕಣ್ಣಾರೆ ನೋಡಲಿ ಎಂದು ಮೈಸೂರಿನಿಂದ ಅಮ್ಮನನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬಂದೆ. ಇವಳೋ, ಮಗನೆದುರು ಮಹಾ ಜಾಣೆ! ಅವನು ಮನೆಯಲ್ಲಿರುವ ಒಂದೆರಡು ಗಂಟೆ ಏನು ಕೇಳಿದರೂ ನಗುತ್ತ ತಲೆಯಾಡಿಸಿಬಿಡುತ್ತಿದ್ದಳು. ಸುಳ್ಳುಗಾತಿ ಎನಿಸಿಕೊಂಡವಳು ನಾನು. ಮುಂದಿನ ವಾರ ವಾಪಸು ಹೊರಡಬೇಕು. ಅಷ್ಟರೊಳಗೆ ಅವನು ಒಪ್ಪಿಕೊಳ್ಳದಿದ್ದರೆ ಇದೆಲ್ಲ ನನ್ನೊಬ್ಬಳ ತಲೆಗೇ.

ಆ ಶನಿವಾರ ಮ್ಯಾಂಚೆಸ್ಟರಿನಲ್ಲಿ ಓದುವ ಅವನ ಮಗಳು ಆಶ್ರಿತಾಳನ್ನು ನೋಡಲು ಹೋದೆವು. ಸಂಜೆ ಅವಳು ನಮ್ಮನ್ನು ಜಪಾನಿ ಹೋಟೆಲ್ಲಿಗೆ ಕರೆದೊಯ್ದಳು. ಮೇಜಿನ ನಡುವೆಯೇ ಒಲೆ, ಅದರ ಮೇಲೆ ಕುದಿಯುವ ಸಾರು. ಎಲೆಕೋಸು, ಅಣಬೆ, ತೋಫು ಬೇಯಿಸಿಕೊಂಡು ಎಲ್ಲರೂ ಒಂದೇ ಪಾತ್ರೆಯಿಂದ ತಿನ್ನಬೇಕಂತೆ. ಸಾರಿನಲ್ಲಿ ಮೀನಿಲ್ಲ ತಾನೇ ಎಂದು ಆಶ್ರಿತಾ ಎರಡೆರಡು ಸಲ ವಿಚಾರಿಸಿದ್ದಳು. ನನ್ನ ಹೆದರಿಕೆ ಬೇರೆಯದೇ. ಅಮ್ಮ ಲೋಟವನ್ನು ತುಟಿಗೆ ತಾಗಿಸಿ ಕುಡಿದವಳಲ್ಲ. ಚಿಕ್ಕಂದಿನಲ್ಲಿ ನಾವು ಎಂಜಲು ಕೈಯಲ್ಲಿ ಸೌಟು ಮುಟ್ಟಿದ್ದಕ್ಕೆ ಪಾತ್ರೆ ತುಂಬ ಇದ್ದ ಸಾರನ್ನು ಚೆಲ್ಲಿದವಳು. ಇಲ್ಲೇನು ರಾದ್ಧಾಂತ ಮಾಡುತ್ತಾಳೋ ಎಂದು ಅವಳ ಪಾಲನ್ನು ಮೊದಲೇ ಬೇರೆ ಬಟ್ಟಲಿಗೆ ಬಡಿಸಿಟ್ಟೆ.

ಅಮ್ಮ ಒಂದು ಅಣಬೆಯನ್ನು ಅರ್ಧ ಕಚ್ಚಿದಳು. ಬಿಸಿ ಸಾಲದೆನಿಸಿತೇನೋ, ಉಳಿದರ್ಧವನ್ನು ಪಾತ್ರೆಗೇ ಹಾಕಿ, ಬಾಯಿಗಿಟ್ಟ ಚಮಚದಲ್ಲೇ ತಿರುವಿದಳು. ಆಮೇಲೆ ಅದೇ ಚಮಚದಿಂದ ಮೊಮ್ಮಗಳಿಗೆ ಬಡಿಸಿದಳು.

ಅಜ್ಜಿ ಸೂಪರ್ ಎಂದು ಆಶ್ರಿತಾ ಚಪ್ಪಾಳೆ ತಟ್ಟಿದಳು. ನಗಲು ಬಾಯಿ ತೆರೆದ ಚಿದು ಪಾತ್ರೆಯನ್ನೇ ನೋಡಿದ. ಸಾರು ಚೆಲ್ಲಿದ ದಿನ ಅವನೂ ನನ್ನ ಪಕ್ಕದಲ್ಲೇ ಉಣ್ಣಲು ಕೂತಿದ್ದ.

ತನ್ನ ಚಮಚ ಕೆಳಗಿಟ್ಟು, ರೋಗಿಗಳನ್ನು ಕೇಳುವ ದನಿಯಲ್ಲಿ, ಇದು ಯಾವ ಊರು, ಇವತ್ತು ಯಾವ ವಾರ ಎಂದು ಅಮ್ಮನನ್ನು ಕೇಳಿದ. ಅಮ್ಮ ಸೆರಗು ಸರಿಮಾಡಿಕೊಂಡು, ಹೊರಗಿನವರ ಮುಂದೆ ನಗುವ ಹಾಗೆ ನಕ್ಕಳು.

‘ನನ್ನ ಮಗನೂ ನಿಮ್ಮ ಹಾಗೇ ಡಾಕ್ಟ್ರು. ಫೋನಲ್ಲಿ ಮಾತ್ರ ಸಿಗ್ತಾನೆ.’

ಈ ಗಳಿಗೆಗೆಂದೇ ಎರಡು ವರ್ಷದಿಂದ ಬೈಗುಳ ಕೂಡಿಟ್ಟಿದ್ದೆ. ಈಗಲಾದರೂ ನಂಬಿದೆಯಾ ಎಂದು ಸರಿಯಾಗಿ ಝಾಡಿಸಬೇಕೆಂದಿದ್ದೆ. ಅವನ ಮುಖ ನೋಡಿದ ಮೇಲೆ ಒಂದೂ ಹೊರಡಲಿಲ್ಲ. ಅವನಿಗೆ ತಿಳಿದರೆ ಸಾಕು, ಡಾಕ್ಟರಲ್ಲವೇ, ಏನಾದರೊಂದು ದಾರಿ ಇದ್ದೇ ಇರುತ್ತದೆ ಎಂದು ನಂಬಿಕೊಂಡು ಇಷ್ಟು ದೂರ ಬಂದಿದ್ದೆ.

‘ಏನು ಮಾಡೋಣ ಚಿದು?’ ಎಂದೆ.

ಅವನು ಒಲೆ ಆರಿಸಿದ. ನನ್ನತ್ತ ನೋಡಲಿಲ್ಲ.

‘ನೀನು ಮೊದಲನೇ ಸಲ ಹೇಳಿದಾಗ್ಲೇ ನಂಗೆ ಗೊತ್ತಾಯ್ತು ಅಕ್ಕ. ಮಾಡೋಕೆ ಏನೂ ಇಲ್ಲ ಅನ್ನೋದೂ ಗೊತ್ತಿತ್ತು.’