ಸುದ್ದಿಗಿಂತ ಮೊದಲು ಬಂದ ದುಡ್ಡು

ಇಸ್ತ್ರಿ ಅಂಗಡಿಯಲ್ಲಿ ಬಿಳಿ ಅಂಗಿಯೊಂದರ ಕಾಲರಿನ ಮೇಲೆ ಪೆಟ್ಟಿಗೆ ಎಳೆಯುತ್ತಿದ್ದಾಗ ಅವಳ ಫೋನು ಗುಂಯ್ ಎಂದಿತು. ಬ್ಯಾಂಕಿನ ಸಂದೇಶ. ಗಂಡ ತಿಂಗಳ ಕೊನೆಗೆ ಕಳಿಸುವ ಹಣಕ್ಕಿಂತ ಮೂರು ಪಟ್ಟು ಹೆಚ್ಚು, ಅದೂ ತಿಂಗಳ ನಡುವೆ.

ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಅತ್ತೆಯ ಕಣ್ಣಿನ ಆಪರೇಷನ್ನು, ಮಗಳ ಶಾಲೆಯ ಫೀಸು, ಮನೆ ಬಾಡಿಗೆ ಎಲ್ಲವೂ ಒಟ್ಟಿಗೆ ಬಂದು ಕುತ್ತಿಗೆ ಹಿಡಿದಿದ್ದ ತಿಂಗಳು ಅದು. ಆದರೆ ಅವಳು ಪೆಟ್ಟಿಗೆಯನ್ನು ಕಾಲರಿನ ಮೇಲೇ ಬಿಟ್ಟು ಸಂದೇಶವನ್ನು ಮತ್ತೊಮ್ಮೆ ಓದಿದಳು. ಗಂಡ ಸಮುದ್ರದಾಚೆಯ ಬಂದರಿನಲ್ಲಿ ಕ್ರೇನ್ ನಡೆಸುವವನು. ಹೋದ ವರ್ಷ ಅಲ್ಲೇ ಮೇಲಿನಿಂದ ಬಿದ್ದು ಸತ್ತವನ ಮನೆ ಪಕ್ಕದ ಬೀದಿಯಲ್ಲಿತ್ತು. ಅವರಿಗೆ ಮೊದಲು ಬಂದದ್ದು ದುಡ್ಡು. ಸುದ್ದಿ ಬಂದದ್ದು ಆಮೇಲೆ.

"ಅಯ್ಯೋ, ಕಾಲರ್ ಸುಡ್ತಾ ಇದೆಯಮ್ಮ!" ಎಂದು ಅಂಗಡಿಯವನು ಕೂಗಿದಾಗಲೇ ಅವಳಿಗೆ ಮೈಮೇಲೆ ಎಚ್ಚರ ಬಂದದ್ದು.

ಹಿತ್ತಲ ಬಾಗಿಲಿಗೆ ಹೋಗಿ ಗಂಡನಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು, ಅದೇ. ಅವನ ಕೋಣೆಯಲ್ಲೇ ಇರುವ ವೆಲ್ಡರ್‌ಗೆ ಮಾಡಿದಳು.

"ಅತ್ತಿಗೆ... ಅವನು ಈಗ ಇಲ್ಲಿಲ್ಲ."

"ಇಲ್ಲಿಲ್ಲ ಅಂದ್ರೆ?"

"ಅವನೇ ಹೇಳ್ತಾನೆ ಬಿಡಿ. ಅಲ್ಲ, ನಾನು ಆಮೇಲೆ ಮಾಡ್ತೀನಿ." ಫೋನು ಕಟ್ಟಾಯಿತು.

ಹಗ್ಗ ಹಾವಾಗಲು ಅಷ್ಟು ಸಾಕಾಯಿತು. ಮನೆಗೆ ಬಂದರೆ, ಎಲ್ಲರೂ ಪಟಾಕಿ ಎಂದು ಕರೆಯುವ ಮಗಳು ಅಪ್ಪನ ಪಾಲಿನ ಮಂಚದ ಮೇಲಿಂದ ತನ್ನ ಗೊಂಬೆಗಳನ್ನು ಎತ್ತುತ್ತಿದ್ದಳು. ಬರುವ ತಿಂಗಳು ಅಪ್ಪ ರಜೆಗೆ ಬರುವವನಿದ್ದ. ಪೊರೆ ಕಟ್ಟಿದ ಕಣ್ಣು ಕಿರಿದುಮಾಡಿ ಅತ್ತೆ ಕೇಳಿದರು: "ಯಾಕಮ್ಮ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ?"

"ತಲೆನೋವು ಅತ್ತೆ."

ದುಡ್ಡಿನ ಮಾತು ಎತ್ತಲಿಲ್ಲ. ಎತ್ತಿದರೆ ಖರ್ಚಿನ ಮಾತು ಬರುತ್ತದೆ. ಆ ಹಣ ಯಾವುದರ ಬೆಲೆ ಎಂದು ತಿಳಿಯದೆ ಅದರಿಂದ ಒಂದು ಬೆಂಕಿಪೊಟ್ಟಣ ಕೊಳ್ಳುವುದಕ್ಕೂ ಅವಳಿಗೆ ಭಯವಾಗಿತ್ತು. ಅವನ ಹಳೆಯ ಸ್ವೆಟರನ್ನು ದಿಂಬಿನ ಕೆಳಗಿಂದ ತೆಗೆದು ಮೂಸಿ ನೋಡಿದಳು. ಒಗೆದೂ ಒಗೆದೂ ಅದರಲ್ಲಿ ಸೋಪಿನ ವಾಸನೆ ಮಾತ್ರ ಉಳಿದಿತ್ತು.

ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಳು. ಗುಮಾಸ್ತೆ ಕಂಪ್ಯೂಟರ್ ನೋಡಿ, "ನಿಮ್ಮ ಯಜಮಾನರ ಖಾತೆಯಿಂದ ಅಲ್ಲ ಕಣ್ರಿ. ಕಂಪನಿಯಿಂದ ನೇರವಾಗಿ ಬಂದಿದೆ" ಎಂದಳು.

ಪಕ್ಕದ ಬೀದಿಯ ಆ ಮನೆಗೂ ದುಡ್ಡು ಬಂದದ್ದು ಕಂಪನಿಯಿಂದಲೇ. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದಳು. ಎದುರಿನ ಬೀದಿ ಗುಡಿಸುವವಳು ಪೊರಕೆ ಬಿಟ್ಟು, "ನೀರು ಬೇಕಾ ಅಕ್ಕ?" ಎಂದು ಕೇಳುತ್ತಿದ್ದಾಗಲೇ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಿದಳು.

"ನಾನೇ ಕಣೇ."

ಅವನದೇ ದನಿ. ಅವಳು ಮೆಟ್ಟಿಲ ಮೇಲೇ ಜೋರಾಗಿ ಅತ್ತುಬಿಟ್ಟಳು.

"ಯಾಕೆ ಅಳ್ತೀಯ? ವೆಲ್ಡರ್ ಹೇಳಿಬಿಟ್ನಾ? ಅಮ್ಮನ ಕಣ್ಣು, ಮಗಳ ಫೀಸು... ದಾರಿ ಕಾಣ್ಲಿಲ್ಲ. ರಜೆ ಬಿಟ್ಕೊಟ್ಟು ಅದರ ದುಡ್ಡು ಕೇಳ್ದೆ. ಟಿಕೆಟ್ ಹಣನೂ ಸೇರಿಸಿ ಕಂಪನಿಯವರು ನೇರ ನಿನ್ನ ಖಾತೆಗೇ ಹಾಕಿದ್ರು. ನಿನಗೆ ಹೇಳೋಕೆ ಧೈರ್ಯ ಬರ್ಲಿಲ್ಲ, ಫೋನ್ ಆಫ್ ಮಾಡಿದ್ದೆ. ಇದು ಆಫೀಸಿನ ಫೋನು."

"ನೀವು ಸತ್ತುಹೋದ್ರಿ ಅಂದ್ಕೊಂಡೆ ರೀ!" ಎಂದು ಅವಳು ಕಿರುಚಿದಳು. ದಾರಿಹೋಕರು ತಿರುಗಿ ನೋಡಿದರು. "ಪಕ್ಕದ ಬೀದಿಯ ಮನೆಗೂ ಹೀಗೇ ಬಂತಲ್ಲ ದುಡ್ಡು! ಬಿಟ್ಟ ರಜೆ ವಾಪಸ್ ತಗೊಳ್ಳಿ. ಎಷ್ಟು ಸಿಕ್ಕಿದ್ರೆ ಅಷ್ಟು. ಮಿಕ್ಕಿದ್ದು ನಾನು ತೂಗಿಸ್ತೀನಿ."

ಅವನು ಮೇಸ್ತ್ರಿಯ ಕೈಕಾಲು ಹಿಡಿದ. ಅರ್ಧ ರಜೆ ಸಿಕ್ಕಿತು, ಅರ್ಧ ಹಣ ವಾಪಸು ಹೋಯಿತು. ಅತ್ತೆ, "ಮೊದಲು ಒಂದು ಕಣ್ಣು ಸಾಕು, ನೋಡೋಕೆ ಇನ್ನೇನಿದೆ ನನಗೆ, ಇದೇ ಮುಖಗಳು ತಾನೆ" ಎಂದು ನಕ್ಕರು. ಫೀಸಿಗೆ ಶಾಲೆಯವರು ಕಂತು ಮಾಡಿಕೊಟ್ಟರು. ಅವಳು ಅಂಗಡಿಯಲ್ಲಿ ಸಂಜೆಯ ಪಾಳಿಯನ್ನೂ ಒಪ್ಪಿಕೊಂಡಳು.

ಅವನು ಬಂದ ದಿನ ಪಟಾಕಿ ಓಡಿಹೋಗಿ ಅಪ್ಪನ ಕೊರಳಿಗೆ ಜೋತುಬಿದ್ದಳು. ಹೆಂಡತಿ ಮಾತ್ರ ಬಾಗಿಲಲ್ಲೇ ನಿಂತು ಅವನ ತಲೆ, ಕೈ, ಬೆರಳು, ಕಾಲು ಒಂದೊಂದನ್ನೇ ನೋಡುತ್ತಿದ್ದಳು.

"ಏನೇ ಹಾಗೆ ನೋಡ್ತಿದ್ದೀಯ?"

"ಸ್ವಲ್ಪ ಸುಮ್ನಿರಿ" ಎಂದಳು ಅವಳು. "ಇನ್ನೂ ಮುಗಿದಿಲ್ಲ."